ನಾ ಅವನೇ ಅದೀನಿ ಅಣ್ಣಾ

ಬರಹ ಸ್ವಲ್ಪ ಉದ್ದ ಐತಿ, ಪುರುಸೊತ್ತು ಮಾಡ್ಕೊಂಡು ಓದ್ರಿ.

ಈ ಸಲದ ಏಪ್ರಿಲ್ 14ಕ್ಕೆ ಯಾವ ಸಿನಿಮಾ ತೋರಿಸಬೇಕು ಅಂತ ರಾಣೆಬೆನ್ನೂರಿನಲ್ಲಿ ನಮ್ಮ ಸಂಘದ ಮೀಟಿಂಗ್ ಕರೆದಿದ್ವಿ. ನಾನು 'ಮೂನ್‌ಲೈಟ್' ಅಂದೆ. ಏನ್ರಿ ಅದು ಅಂದರು. ಅಮೆರಿಕದ ಬಡ ಕಪ್ಪು ಹುಡುಗನೊಬ್ಬನ ಕತೆ, ಅವನಿಗೆ ಹುಡುಗರ ಮೇಲೇ ಮನಸ್ಸು ಅಂದೆ. ಹಿರಿಯರೊಬ್ಬರು ಕುರ್ಚಿ ಸರಿಸಿ ಎದ್ದೇ ಹೋದರು. ಇನ್ನೊಬ್ಬರು, "ಒಳಮೀಸಲಾತಿ ಬಗ್ಗೆ ಮಾತಾಡೋ ಟೈಮಿನ್ಯಾಗ ಇದೇನ್ ಶೋಕಿ ತಗದೀಯೋ ಮಾರಾಯ" ಅಂದರು. ಯಾಕೆ ಆ ಸಿನಿಮಾ ಅಂತ ಅಲ್ಲಿ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಯಾಕಂದ್ರೆ ಹೇಳಬೇಕಾದ್ರೆ ನನ್ನ ತಪ್ಪಿನಿಂದಲೇ ಶುರು ಮಾಡಬೇಕು. ಇಲ್ಲಿ ಮಾಡ್ತೀನಿ.

2017ರ ಮಾತು. ಬ್ಯಾಡಗಿಯ ಒಂದು ಸಮುದಾಯ ಭವನದಲ್ಲಿ ನಾವು 'ನಾನು ಅವನಲ್ಲ... ಅವಳು' ತೋರಿಸಿದ್ವಿ. ಬಿ.ಎಸ್. ಲಿಂಗದೇವರು ನಿರ್ದೇಶನ ಮಾಡಿದ ಸಿನಿಮಾ, ಅದಕ್ಕೆ 2015ರಲ್ಲಿ ಸಂಚಾರಿ ವಿಜಯ್‌ಗೆ ರಾಷ್ಟ್ರಪ್ರಶಸ್ತಿ ಬಂದಿತ್ತು. ಕತೆಗೆ ಮೂಲ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕತೆ. ವಿದ್ಯಾ ದಲಿತ ಹೆಣ್ಣುಮಗಳು. ಹಾಗಾಗಿ ಇದು ನಮ್ಮದೇ ಸಿನಿಮಾ ಅಂತ ನಾನೇ ಓಡಾಡಿ ಪ್ರೊಜೆಕ್ಟರ್ ತಂದೆ, ಗೋಡೆಗೆ ಬಿಳೀ ಬೆಡ್‌ಶೀಟ್ ಕಟ್ಟಿಸಿದೆ. ಹಾವೇರಿಯ ಒಂದು ಹಾಸ್ಟೆಲ್ಲಿನಿಂದ ಹತ್ತಿಪ್ಪತ್ತು ಹುಡುಗರನ್ನೂ ಕರೆಸಿದ್ದೆ. ಜನ ಅಳ್ತಾ ನೋಡಿದರು. ನನಗೆ ಹೆಮ್ಮೆಯೋ ಹೆಮ್ಮೆ.

ಆ ಹಾಸ್ಟೆಲ್ ಹುಡುಗರಲ್ಲಿ ಒಬ್ಬ, ಪಿಯುಸಿ ಮೊದಲನೇ ವರ್ಷದವನು, ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯವನು. ಅವನ ಅವ್ವ ಬ್ಯಾಡಗಿ ಮಾರ್ಕೆಟ್ಟಿನ ಸುತ್ತ ಮೆಣಸಿನಕಾಯಿ ತುಂಬು ಬಿಡಿಸೋ ಕೂಲಿಗೆ ಬರ್ತಿದ್ಲು. ಹುಡುಗ ಸೌಮ್ಯ, ಹಾಡ್ತಿದ್ದ, ನಮ್ಮ ಕ್ರಾಂತಿಗೀತೆಗಳ ತಂಡದಲ್ಲಿ ಒಳ್ಳೇ ದನಿ ಅವನದು. ಸಿನಿಮಾ ಮುಗಿದ ಮೇಲೆ ಉಳಿದ ಹುಡುಗರು ಟೆಂಪೋದಲ್ಲಿ ಹೋದರು, ಇವನು ಬ್ಯಾನರ್ ಬಿಚ್ಚೋಕೆ ನನ್ನ ಜೊತೆ ಉಳಿದ. ಆಮೇಲೆ ಹಾವೇರಿ ಬಸ್ ಹತ್ತಿಸೋಣ ಅಂತ ನನ್ನ ಗಾಡಿ ಮೇಲೆ ಮೋಟೆಬೆನ್ನೂರ ಕ್ರಾಸಿಗೆ ಕರ್ಕೊಂಡು ಹೋದೆ. ಹೈವೇ ಪಕ್ಕ ನಿಂತಾಗ ಕೇಳಿದ.

"ಅಣ್ಣಾ, ನಾನೂ ಸೀರಿ ಉಡಬೇಕೇನು?"

ನಾನು ನಕ್ಕೆ. ಯಾಕೋ ಅಂದೆ. ಅವನು ನೆಲ ನೋಡ್ಕೊಂಡು ಹೇಳಿದ, "ನನಗ ಸೀರಿ ಬ್ಯಾಡಣ್ಣಾ. ನಾ ಅವಳಲ್ಲ. ನಾ ಅವನೇ ಅದೀನಿ ಅಣ್ಣಾ. ಆದ್ರ..."

ಆ 'ಆದ್ರ' ಮುಂದಿನದು ನನಗೆ ಅರ್ಥ ಆಗಿತ್ತು. ಆಗಲಿಲ್ಲ ಅಂತ ಸುಳ್ಳು ಹೇಳಲಾರೆ. ನಾನು ಹೇಳಿದ್ದು ಏನು ಗೊತ್ತಾ? "ಅವೆಲ್ಲಾ ತಲ್ಯಾಗ ಹಾಕ್ಕೋಬ್ಯಾಡ, ಮೊದ್ಲ ಓದು." ಅಷ್ಟರಲ್ಲಿ ಬಸ್ ಬಂತು. ಬಾಬಾಸಾಹೇಬರ ಹೆಸರಿನಲ್ಲಿ ನಾವು ಎಷ್ಟು ಮಾತುಗಳಿಂದ ತಪ್ಪಿಸ್ಕೊಳ್ತೀವಿ ನೋಡಿ. ಓದು ಅಂದುಬಿಟ್ರೆ ಮುಗೀತು.

ಮುಂದಿನ ವಾರದಿಂದಲೇ ಹಾಸ್ಟೆಲ್ಲಿನಲ್ಲಿ ಅವನಿಗೆ ಹೊಸ ಹೆಸರು ಬಿತ್ತು. ವಿದ್ಯಾ. ಮೊದಲು ಹೆಣ್ಣಿಗ, ಒಂಬತ್ತು ಅಂತಿದ್ದವರು ಈಗ "ಏ ವಿದ್ಯಾ, ಸೀರಿ ಯಾವಾಗ?" ಅಂತ ಕೂಗೋಕೆ ಶುರು ಮಾಡಿದರು. ಒಬ್ಬ ದಲಿತ ಹೆಣ್ಣುಮಗಳು ಬೀದಿಯಲ್ಲಿ ಭಿಕ್ಷೆ ಬೇಡಿ, ನೋವು ತಿಂದು ಸಂಪಾದಿಸಿದ ಹೆಸರು ಅದು. ನಮ್ಮ ಹಾಸ್ಟೆಲ್ಲಿನಲ್ಲಿ ಬೈಗುಳ ಆಯ್ತು. ಅದನ್ನ ಅವರಿಗೆ ತಂದುಕೊಟ್ಟವನು ನಾನು, ಬಾಡಿಗೆ ಪ್ರೊಜೆಕ್ಟರ್ ಸಮೇತ.

ಸಿನಿಮಾದ್ದೇ ತಪ್ಪು ಅಂತ ನಾನು ಹೇಳ್ತಿಲ್ಲ. ವಿದ್ಯಾ ಅವರ ಬದುಕು ವಿದ್ಯಾ ಅವರದ್ದು. ತಾನು ಹೆಣ್ಣು ಅಂತ ಅರಿತು ಹೆಣ್ಣಾಗಿ ಬದುಕೋಕೆ ಹೊರಟವರ ಕತೆ, ಅದನ್ನ ಸಂಚಾರಿ ವಿಜಯ್ ಎಷ್ಟು ಗೌರವದಿಂದ ಮಾಡಿದರು ಅಂತ ನೋಡಿದವರಿಗೆ ಗೊತ್ತು. 2021ರಲ್ಲಿ ಅವರು ಅಪಘಾತದಲ್ಲಿ ಹೋದಾಗ ನಾನೂ ಅತ್ತೆ. ನನ್ನ ತಕರಾರು ಬೇರೆ. ನಮ್ಮ ಕಡೆಯ ಹದಿನಾರರ ಹುಡುಗನೊಬ್ಬ ತಾನು ಯಾರು ಅಂತ ಪರದೆ ಮೇಲೆ ಹುಡುಕಿದಾಗ ಕನ್ನಡದಲ್ಲಿ ಅವನಿಗೆ ಸಿಗೋದು ಎರಡೇ. ಒಂದು, ಹೀರೋ ಪಕ್ಕ ಸೊಂಟ ತಿರುವಿ ಕೈ ಕುಣಿಸಿ ಚಪ್ಪಲಿ ಏಟು ತಿನ್ನೋ ಕಾಮಿಡಿ ಪಾತ್ರ. ಅಂಥವನ್ನ ಹೆಸರು ಹಿಡಿದು ಹೇಳೋದೇ ಬೇಡ, ನಮ್ಮ ಟಾಕೀಸುಗಳಲ್ಲಿ ನಾವೆಲ್ಲಾ ಸೀಟಿ ಹೊಡೆದಿದ್ದೀವಿ. ಎರಡು, ಪ್ರಶಸ್ತಿ ಬರುವಂಥ ಗಂಭೀರ ಸಿನಿಮಾ, ಅಲ್ಲಿ ಅವನು ಅವಳಾಗ್ತಾನೆ. ಹುಡುಗನಾಗೇ ಉಳಿದು ಹುಡುಗನನ್ನ ಪ್ರೀತಿಸೋನಿಗೆ ಜಾಗ ಎಲ್ಲಿ?

ಮತ್ತೆ ಇದು ಊರಿನ ವ್ಯಾಕರಣವೇ. ಆ ಹುಡುಗನ ವಿಷಯ ಕಿವಿಗೆ ಬಿದ್ದ ಮೇಲೆ ಅವನ ಅವ್ವ ನನ್ನ ಹತ್ರ ಬಂದು ಹೇಳಿದ್ಲು, "ಹುಲಿಗೆಮ್ಮಗ ಬಿಟ್ಟಬಿಡ್ತೀವ್ರಿ, ತಾಯಿ ಕರದಾಳ ಕಾಣ್ತೈತಿ." ಮುತ್ತು ಕಟ್ಟಿಸಿ ಜೋಗಪ್ಪ ಮಾಡೋದು. ನಮ್ಮ ಕಡೆ ಇದು ಹೊಸದಲ್ಲ. ಮಂಜಮ್ಮ ಜೋಗತಿಯವರನ್ನ ಹದಿಹರೆಯದಲ್ಲಿ ಮನೆಯವರು ಕರ್ಕೊಂಡು ಹೋಗಿದ್ದೂ ಹುಲಿಗಿಗೇ. ಅವರು ಅದನ್ನೇ ಕಲೆ ಮಾಡ್ಕೊಂಡು ಜಾನಪದ ಅಕಾಡೆಮಿ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಹಂಗಂತ ಹುಲಿಗಿಗೆ ಹೋದವರೆಲ್ಲಾ ಪದ್ಮಶ್ರೀ ಆಗಲ್ಲ. ಆ ತಾಯಿ ಕೆಟ್ಟವಳಲ್ಲ. ಅವಳಿಗೆ ಗೊತ್ತಿದ್ದ ಒಂದೇ ಗೌರವದ ದಾರಿ ಅದು. ದೇವಿ ಹೆಸರಿದ್ರೆ ಮಗನಿಗೆ ಯಾರೂ ಕಲ್ಲು ಹೊಡೆಯಲ್ಲ ಅನ್ನೋ ಲೆಕ್ಕ.

ನಾನು ಬಿಡಲಿಲ್ಲ. ಚಂದ್ರಗುತ್ತಿ ಕತೆ ತೆಗೆದೆ. 1986ರಲ್ಲಿ ಬೆತ್ತಲೆ ಸೇವೆ ವಿರುದ್ಧ ದಲಿತ ಸಂಘರ್ಷ ಸಮಿತಿಯವರು ಹೆಂಗೆ ನಿಂತರು, ನಮ್ಮ ಹೊಳೆಯಾಚೆ ಹರಿಹರದ ಬಿ. ಕೃಷ್ಣಪ್ಪನವರು ಏನು ಕಟ್ಟಿದರು, 1982ರಲ್ಲೇ ದೇವದಾಸಿ ನಿಷೇಧ ಕಾಯ್ದೆ ಬಂದೈತಿ ಅಂತೆಲ್ಲಾ ಭಾಷಣ ಮಾಡಿದೆ. ಆ ಕಾಯ್ದೆ ಮಾತಾಡೋದು ಹೆಣ್ಣುಮಕ್ಕಳನ್ನ ಬಿಡೋದರ ಬಗ್ಗೆ, ಹುಡುಗರ ಬಗ್ಗೆ ಅಲ್ಲ. ಅದು ನನಗೆ ಗೊತ್ತಿತ್ತು, ಆ ತಾಯಿಗೆ ಗೊತ್ತಿರಲಿಲ್ಲ. ಹೆದರಿ ಸುಮ್ಮನಾದ್ಲು. ಹುಡುಗನನ್ನ ಉಳಿಸಿದೆ ಅಂತ ಬೀಗಿದೆ. ಅವನು ಏನಾಗಬಾರದು ಅಂತ ಹೇಳಿದೆನೇ ಹೊರತು ಏನಾಗಬಹುದು ಅಂತ ಹೇಳಲಿಲ್ಲ. ಎರಡನೇ ವರ್ಷದ ಪರೀಕ್ಷೆಗೆ ಮೊದಲೇ ಹಾಸ್ಟೆಲ್ ಬಿಟ್ಟ. ಸ್ಕಾಲರ್‌ಶಿಪ್ ಹೋಯ್ತು, ಓದು ಹೋಯ್ತು. ಬೆಂಗಳೂರು ಸೇರಿದ.

ಇದು ನಮ್ಮ ವಿಷಯ ಅಲ್ಲ ಅನ್ನೋರಿಗೆ ಇದೇ ನನ್ನ ಉತ್ತರ. ನಮ್ಮ ಕೇರಿಯ ಮೊದಲ ತಲೆಮಾರಿನ ಪಿಯುಸಿ ಹುಡುಗ ಹಾಸ್ಟೆಲ್ ಬಿಟ್ಟ. ಜಾತಿ ನಿಂದನೆಯಿಂದ ಬಿಟ್ಟಿದ್ರೆ ಡಿಸಿ ಆಫೀಸಿನ ಮುಂದೆ ಧರಣಿ ಕೂರ್ತಿದ್ವಿ. ಬಿಡಿಸಿದವರೂ ನಮ್ಮವರೇ ಆಗಿದ್ದಕ್ಕೆ ಸುಮ್ಮನಿದ್ವಿ. ಇನ್ನು ಬಾಬಾಸಾಹೇಬರಿಗೂ ಇದಕ್ಕೂ ಏನು ಸಂಬಂಧ ಅಂತ ಕೇಳೋರು ರ.ಧೋ. ಕರ್ವೆ ಕೇಸು ಓದಿಕೊಳ್ಳಿ. ಕರ್ವೆ 'ಸಮಾಜ ಸ್ವಾಸ್ಥ್ಯ' ಅನ್ನೋ ಮರಾಠಿ ಪತ್ರಿಕೆ ನಡೆಸ್ತಿದ್ರು. ಬೇರೆಲ್ಲೂ ಬಾಯಿ ಬಿಡೋಕೆ ಆಗದ ಲೈಂಗಿಕತೆಯ ಪ್ರಶ್ನೆಗಳನ್ನ ಓದುಗರು ಕೇಳ್ತಿದ್ರು, ಅವರು ಉತ್ತರ ಕೊಡ್ತಿದ್ರು. ಅದು ಅಶ್ಲೀಲ ಅಂತ ಕೇಸು ಹಾಕಿದಾಗ 1934ರಲ್ಲಿ ಅವರ ಪರ ನಿಂತು ವಾದಿಸಿದ ವಕೀಲರು ಡಾ. ಅಂಬೇಡ್ಕರ್. ಕೇಸು ಸೋತರು, ಆದರೆ ನಿಂತರು. ಹೈವೇ ಪಕ್ಕ ಒಬ್ಬ ಹುಡುಗ ಕೇಳಿದ ಪ್ರಶ್ನೆಗೆ ನಾನು ನಿಲ್ಲಲಿಲ್ಲ.

ಸಿನಿಮಾಕ್ಕೆ ವಾಪಸ್ ಬರ್ತೀನಿ.

ಲಾಕ್‌ಡೌನಿನಲ್ಲಿ ಫೋನಿನಲ್ಲೇ ಇಂಥ ಸಿನಿಮಾಗಳನ್ನ ಹುಡುಕಿ ಹುಡುಕಿ ನೋಡಿದೆ, ಒಂಥರಾ ಪ್ರಾಯಶ್ಚಿತ್ತ ಅನ್ಕೊಳ್ಳಿ. 'ಲವ್, ಸೈಮನ್', 'ಕಾಲ್ ಮಿ ಬೈ ಯುವರ್ ನೇಮ್', ಆಮೇಲೆ ಬಂದ 'ಹಾರ್ಟ್‌ಸ್ಟಾಪರ್' ಸೀರೀಸು. ಚೆನ್ನಾಗಿವೆ. ಹುಡುಗರು ಸಾಯಲ್ಲ, ಅದೇ ದೊಡ್ಡ ಸಮಾಧಾನ. ಆದರೆ ಎಲ್ಲದರಲ್ಲೂ ಹುಡುಗನಿಗೆ ಒಂದು ರೂಮು ಇರುತ್ತೆ, ಆ ರೂಮಿಗೆ ಬಾಗಿಲು ಇರುತ್ತೆ. ಬಾಗಿಲು ಹಾಕ್ಕೊಂಡು ಅಳ್ತಾನೆ, ಮೆಸೇಜ್ ಮಾಡ್ತಾನೆ, ಕೊನೆಗೆ ಬಾಗಿಲು ತೆಗೆದು ಹೊರಗೆ ಬರ್ತಾನೆ. ಇಟಲಿಯ ಆ ಸಿನಿಮಾದಲ್ಲಂತೂ ತೋಟದ ಬಂಗಲೆ, ಪುಸ್ತಕದ ಕಪಾಟು, ಪ್ರೊಫೆಸರ್ ಅಪ್ಪ. ಕೊನೆಗೆ ಆ ಅಪ್ಪ ಮಗನನ್ನ ಸೋಫಾದಲ್ಲಿ ಪಕ್ಕಕ್ಕೆ ಕೂರಿಸ್ಕೊಂಡು ಮಾತಾಡ್ತಾನಲ್ಲ, ನಾನು ಅತ್ತುಬಿಟ್ಟೆ. ಆಮೇಲೆ ಯೋಚನೆ ಬಂತು. ನಮ್ಮ ಹುಡುಗನ ಮನೆ ಒಂದೇ ಖೋಲಿ, ಐದು ಜನ. ಅಪ್ಪ ಎಪಿಎಂಸಿಯಲ್ಲಿ ಚೀಲ ಹೊತ್ತು ಬಂದು ಮಲಗಿದ್ರೆ ಎಬ್ಬಿಸೋ ಹಂಗಿಲ್ಲ. ಒಳಗೆ ಅನ್ನೋದೇ ಇಲ್ಲದವನು ಹೊರಗೆ ಹೆಂಗೆ ಬರ್ತಾನೆ?

ಆ ಸಿನಿಮಾಗಳಲ್ಲಿ ಹುಡುಗನಿಗೆ ಮೊದಲು ಗೊತ್ತಾಗುತ್ತೆ, ಆಮೇಲೆ ಉಳಿದವರಿಗೆ. ನಮ್ಮಲ್ಲಿ ಉಲ್ಟಾ. ಹುಡುಗನಿಗೆ ತನ್ನ ಮನಸ್ಸು ಗೊತ್ತಾಗೋ ಮೊದಲೇ ಅವನ ನಡಿಗೆ ನೋಡಿ ಕೇರಿ, ಹಾಸ್ಟೆಲು, ಬಸ್ ಸ್ಟ್ಯಾಂಡ್ ತೀರ್ಮಾನ ಮಾಡಿ ಆಗಿರುತ್ತೆ. ಅವನು ಯಾರಿಗೂ ಏನೂ ಹೇಳಬೇಕಾಗೇ ಇಲ್ಲ, ಎಲ್ಲರೂ ಅವನಿಗೇ ಹೇಳ್ತಾರೆ.

ಹಿಂದಿ ಸಿನಿಮಾ ನೋಡುವಾಗ ಅಡ್ಡಹೆಸರು ಎಣಿಸೋದು ನನ್ನ ಚಟ. 'ಏಕ್ ಲಡ್ಕೀ ಕೋ ದೇಖಾ ತೋ ಐಸಾ ಲಗಾ'ದಲ್ಲಿ ಸ್ವೀಟಿ ಚೌಧರಿ. 'ಶುಭ್ ಮಂಗಲ್ ಜ್ಯಾದಾ ಸಾವಧಾನ್'ನಲ್ಲಿ ಅಮನ್ ತ್ರಿಪಾಠಿ. 'ಬಧಾಯಿ ದೋ'ದಲ್ಲಿ ಶಾರ್ದೂಲ್ ಠಾಕೂರ್. 377ನೇ ಕಲಮಿನ ತೀರ್ಪು 2018ರ ಸೆಪ್ಟೆಂಬರ್ 6ಕ್ಕೆ ಬಂದ ಮೇಲೆ ಧೈರ್ಯ ಮಾಡಿದ ಸಿನಿಮಾಗಳು ಇವು, ಮೆಚ್ಚಬೇಕು. ಆದರೆ ಅಲ್ಲಿ ಜಗಳ ಏನಿದ್ರೂ ಮನೆತನದ ಮರ್ಯಾದೆಯದ್ದು. ಕಳ್ಕೊಳ್ಳೋಕೆ ಮರ್ಯಾದೆಯನ್ನೇ ಊರು ಕೊಟ್ಟಿಲ್ಲದವರ ಮನೆಯಲ್ಲಿ ಏನಾಗುತ್ತೆ ಅಂತ ಕೇಳೋರಿಲ್ಲ. ಕೇಳಿದವರು ನೀರಜ್ ಘೇವಾನ್. ತಾನು ದಲಿತ ಅಂತ ಬಹಿರಂಗವಾಗಿ ಹೇಳ್ಕೊಂಡ ನಿರ್ದೇಶಕ. 2021ರ 'ಗೀಲಿ ಪುಚ್ಚಿ'ಯಲ್ಲಿ ಫ್ಯಾಕ್ಟರಿ ಕೆಲಸದ ಭಾರತಿ ಮಂಡಲ್ ತಾನು ಇಷ್ಟಪಡೋ ಹುಡುಗಿ ಮುಂದೆ ಬ್ಯಾನರ್ಜಿ ಅಂತ ಹೆಸರು ಹೇಳ್ತಾಳೆ. ಬಚ್ಚಿಡಬೇಕಾದ್ದು ಒಂದಲ್ಲ, ಎರಡು. ಕೊಂಕಣಾ ಸೇನ್ ಶರ್ಮಾ ಮುಖದಲ್ಲಿ ಆ ಎರಡನ್ನೂ ನೋಡಬೇಕು ನೀವು. ಆದರೆ ಭಾರತಿ ದುಡಿಯೋ ಹೆಂಗಸು, ಹಾಸ್ಟೆಲ್ ಹುಡುಗಿ ಅಲ್ಲ.

ಕನ್ನಡದವರು ಏನೂ ಮಾಡಿಲ್ಲ ಅಂದ್ರೆ ತಪ್ಪಾಗುತ್ತೆ. ರೂಪಾ ರಾವ್ 2016ರಲ್ಲೇ 'ದಿ ಅದರ್ ಲವ್ ಸ್ಟೋರಿ' ಅಂತ ವೆಬ್ ಸೀರೀಸ್ ಮಾಡಿದ್ರು, 90ರ ದಶಕದ ಬೆಂಗಳೂರಿನ ಇಬ್ಬರು ಹುಡುಗಿಯರ ಪ್ರೀತಿ. ಅವರೇ 2019ರಲ್ಲಿ 'ಗಂಟುಮೂಟೆ' ತೆಗೆದರು, ಹೈಸ್ಕೂಲ್ ಹುಡುಗಿಯ ಮನಸ್ಸನ್ನ ಇಷ್ಟು ಹತ್ತಿರದಿಂದ ತೋರಿಸಿದ ಇನ್ನೊಂದು ಕನ್ನಡ ಸಿನಿಮಾ ನಾನು ನೋಡಿಲ್ಲ. ಅದು ಹುಡುಗ ಹುಡುಗಿ ಕತೆ. ಮಂಡ್ಯದಲ್ಲಿ ಹುಟ್ಟಿದ ಶ್ರೀಧರ್ ರಂಗಾಯನ್ ಶ್ರೀರಂಗಪಟ್ಟಣದಲ್ಲಿ ಶೂಟಿಂಗ್ ಮಾಡಿ 'ಈವ್ನಿಂಗ್ ಶ್ಯಾಡೋಸ್' ತೆಗೆದರು, ಮಗ ತಾಯಿಗೆ ಸತ್ಯ ಹೇಳೋ ಕತೆ. ನಮ್ಮ ನೆಲ, ನಮ್ಮ ಹೊಳೆ, ಭಾಷೆ ಮಾತ್ರ ಹಿಂದಿ. ಪುಸ್ತಕದಲ್ಲಿ ನಾವು ಮುಂದಿದ್ದೀವಿ, ಬಳ್ಳಾರಿಯ ಸಂಡೂರಿನಿಂದ ಬಂದ ವಸುಧೇಂದ್ರ 2013ರಲ್ಲೇ 'ಮೋಹನಸ್ವಾಮಿ' ಬರೆದರು. ನಾನು ಆ ಪುಸ್ತಕವನ್ನ ನಮ್ಮ ಹುಡುಗನಿಗೆ ಕೊಡಬಹುದಿತ್ತು. ನಾನೇ ಓದಿರಲಿಲ್ಲ.

ಮರಾಠಿಯವರ ಬಗ್ಗೆ ಹೊಟ್ಟೆಕಿಚ್ಚು ಆಗುತ್ತೆ ನನಗೆ. 2025ರ ಜನವರಿಯಲ್ಲಿ ರೋಹನ್ ಕಾನವಡೆ ಅವರ 'ಸಾಬರ್ ಬೋಂಡ'ಕ್ಕೆ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ದೊಡ್ಡ ಪ್ರಶಸ್ತಿ ಬಂತು. ಅಪ್ಪ ಸತ್ತ ಮೇಲೆ ಹತ್ತು ದಿನದ ಸೂತಕಕ್ಕೆ ಮುಂಬೈಯಿಂದ ಹಳ್ಳಿಗೆ ಬಂದವನು, ಅಲ್ಲಿ ಹೊಲ ಮನೆ ಮಾಡ್ಕೊಂಡಿರೋ ಬಾಲ್ಯದ ಗೆಳೆಯ. ಹಳ್ಳಿ, ಆಡು, ಮರದ ನೆರಳು, ಇಬ್ಬರೂ ಗಂಡಸರಾಗೇ ಇದ್ದಾರೆ, ಯಾರೂ ಸೀರೆ ಉಡಬೇಕಾಗಿಲ್ಲ. ಅವರು ದೊಡ್ಡವರು, ಹದಿಹರೆಯ ಮುಗಿಸಿದವರು. ಆದರೂ ಇದನ್ನ ನೋಡಿದ್ರೆ ನಮ್ಮ ಹುಡುಗನಿಗೆ ಮೂವತ್ತಾದ ಮೇಲೂ ಒಂದು ಬದುಕು ಇರುತ್ತೆ ಅಂತಾದ್ರೂ ಗೊತ್ತಾಗ್ತಿತ್ತು.

ಅದೇ ಮರಾಠಿಯಲ್ಲಿ 2009ರಲ್ಲಿ ಬಂದ 'ಜೋಗ್ವಾ' ನೆನಪಿಸ್ಕೊಳ್ಳಿ. ತಾಯಪ್ಪ ಅನ್ನೋ ಯುವಕನಿಗೆ ಮೂತ್ರದಲ್ಲಿ ರಕ್ತ ಬಂತು ಅಂತ ಊರವರು ಸೀರೆ ಉಡಿಸಿ ಯಲ್ಲಮ್ಮನಿಗೆ ಬಿಡ್ತಾರೆ. ಅವನು ನಾನು ಗಂಡಸು ಅಂತ ಒದ್ದಾಡ್ತಾನೆ. ಒಳ್ಳೇ ಸಿನಿಮಾ. ಆದರೆ ಅವನು ಗಂಡಸು ಅನ್ನೋಕೆ ಸಿನಿಮಾ ಕೊಡೋ ಸಾಕ್ಷಿ ಏನು? ಅವನು ಒಬ್ಬ ಹೆಣ್ಣನ್ನ ಪ್ರೀತಿಸ್ತಾನೆ, ಅದು. ಹೆಣ್ಣನ್ನ ಪ್ರೀತಿಸಿದ್ರೆ ಗಂಡು, ಗಂಡನ್ನ ಪ್ರೀತಿಸಿದ್ರೆ ಹೆಣ್ಣು. ಮೋಟೆಬೆನ್ನೂರ ಕ್ರಾಸಿನಲ್ಲಿ ಆ ಹುಡುಗ ಬಿಚ್ಚಲು ನೋಡಿದ ಗಂಟು ಇದೇ. ಪ್ರಗತಿಪರ ಸಿನಿಮಾಗಳೂ ಇದನ್ನ ಮತ್ತೆ ಗಟ್ಟಿ ಕಟ್ಟಿ ಕೊಡ್ತವೆ.

ನನಗೆ ಬೇಕಾದ ಸಿನಿಮಾ ಹೆಂಗಿರಬೇಕು ಅಂದ್ರೆ 'ಫಂಡ್ರಿ' ಥರ. ನಾಗರಾಜ್ ಮಂಜುಳೆ 2013ರಲ್ಲಿ ತೆಗೆದಿದ್ದು, ನಮ್ಮ ಸಂಘದಲ್ಲಿ ನೋಡದವರಿಲ್ಲ. ಕೈಕಾಡಿ ಸಮುದಾಯದ ಜಬ್ಯಾ, ಮೇಲ್ಜಾತಿಯ ಶಾಲೂ. ಜಬ್ಯಾ ಅವಳನ್ನ ಮುಟ್ಟೋದಿರಲಿ, ನೆಟ್ಟಗೆ ಮಾತಾಡಿಸೋದೂ ಇಲ್ಲ. ಕರಿ ಗುಬ್ಬಿ ಹಿಡಿದು ಸುಟ್ಟು ಬೂದಿ ಎರಚಿದ್ರೆ ಒಲೀತಾಳೆ ಅಂತ ಕವಣೆ ಹಿಡ್ಕೊಂಡು ಅಲೀತಾನೆ. ಅವಳ ಕಣ್ಣೆದುರೇ ಹಂದಿ ಹಿಡೀಬೇಕಾಗಿ ಬಂದಾಗ ಮರೆಯಲ್ಲಿ ಅಡಗ್ತಾನೆ. ಈಗ ಅವನು ನೋಡ್ತಿರೋದು ಶಾಲೂನ ಅಲ್ಲ, ಅದೇ ಕ್ಲಾಸಿನ ಒಬ್ಬ ಹುಡುಗನನ್ನ ಅಂತ ಅನ್ಕೊಳ್ಳಿ. ಒಂದು ಸೀನೂ ಬದಲಾಗಬೇಕಿಲ್ಲ. ಗುಬ್ಬಿ ಅದೇ, ಹಂದಿ ಅದೇ, ಹೊಸ ಅಂಗಿಯ ಆಸೆ ಅದೇ. ಕೊನೆಗೆ ಕ್ಯಾಮೆರಾ ಕಡೆ ಎಸೆಯೋ ಆ ಕಲ್ಲು ಮಾತ್ರ ಇನ್ನೂ ಒಂದಿಷ್ಟು ಜನಕ್ಕೆ ತಾಗುತ್ತೆ. ನನಗೂ ತಾಗುತ್ತೆ.

ಅಂಥದ್ದು ಕನ್ನಡದಲ್ಲಿ ಬರೋವರೆಗೆ 'ಮೂನ್‌ಲೈಟ್' ತೋರಿಸೋಣ ಅಂದೆ. ಮಯಾಮಿಯ ಬಡವರ ಬಡಾವಣೆಯಲ್ಲಿ ಬೆಳೆದ ಬ್ಯಾರಿ ಜೆಂಕಿನ್ಸ್ ತೆಗೆದಿದ್ದು. ಕತೆ ಬರೆದ ಟಾರೆಲ್ ಆಲ್ವಿನ್ ಮೆಕ್ರೇನಿ ಕೂಡ ಅದೇ ಕಡೆಯವರು, ಅವರು ಗೇ. 2017ರಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್, ಮೊದಲು ಬೇರೆ ಸಿನಿಮಾ ಹೆಸರು ಓದಿ ಆಮೇಲೆ ಕೊಟ್ಟರಲ್ಲ, ಅದೇ. ನಾವು ಬ್ಯಾಡಗಿಯಲ್ಲಿ ಬೆಡ್‌ಶೀಟ್ ಕಟ್ಟಿದ್ದೂ ಅದೇ ವರ್ಷ. ಶೈರಾನ್ ಅನ್ನೋ ಹುಡುಗನಿಗೂ ಮನೆಯಲ್ಲಿ ನೆಮ್ಮದಿ ಇಲ್ಲ, ತಾಯಿ ನಶೆಯಲ್ಲಿ. ಅವನ ನಡಿಗೆ ನೋಡಿ ಓಣಿ ಹುಡುಗರೇ ಮೊದಲು ತೀರ್ಮಾನ ಮಾಡ್ತಾರೆ. ಶಾಲೆಯಲ್ಲಿ ಅವನಿಗೆ ಪ್ರೀತಿ ಕೊಟ್ಟ ಗೆಳೆಯನ ಕೈಯಿಂದಲೇ ಅವನನ್ನ ಹೊಡೆಸ್ತಾರೆ. ತಿರುಗಿ ಹೊಡೆದ ದಿನ ಪೊಲೀಸರು ಬರ್ತಾರೆ, ಇವನನ್ನೇ ಎಳ್ಕೊಂಡು ಹೋಗೋಕೆ. ಇದೆಲ್ಲಾ ನಮಗೆ ಯಾರಾದ್ರೂ ವಿವರಿಸಬೇಕಾ?

ಅದರಲ್ಲಿ ಒಂದು ಸೀನ್ ಐತಿ. ಇನ್ನೂ ಸಣ್ಣವನಿದ್ದಾಗ ಆ ಹುಡುಗ ಊಟದ ಟೇಬಲ್ಲಿನಲ್ಲಿ ಕೂತು, ತನಗೆ ಆಶ್ರಯ ಕೊಟ್ಟ ಜುವಾನ್ ಅನ್ನೋನಿಗೆ ಒಂದು ಬೈಗುಳದ ಅರ್ಥ ಕೇಳ್ತಾನೆ. ಜುವಾನ್ ಡ್ರಗ್ಸ್ ಮಾರೋನು, ಸಾಧು ಏನಲ್ಲ. ಆದರೆ ಉತ್ತರ ಕೊಡ್ತಾನೆ. ಅದು ಗೇ ಜನರಿಗೆ ನೋವಾಗಲಿ ಅಂತ ಬೇರೆಯವರು ಬಳಸೋ ಮಾತು ಅಂತಾನೆ. ನಾನು ಹಂಗೇನಾ ಅಂತ ಹುಡುಗ ಕೇಳಿದಾಗ, ಆದ್ರೂ ತಪ್ಪಿಲ್ಲ, ಅದನ್ನ ಈಗಲೇ ತಿಳಿಯಬೇಕಿಲ್ಲ, ನಿಧಾನಕ್ಕೆ ಗೊತ್ತಾಗುತ್ತೆ ಅನ್ನೋ ಅರ್ಥದಲ್ಲಿ ಹೇಳ್ತಾನೆ. ಇಷ್ಟೇ. ಎರಡು ನಿಮಿಷ. ಹಾವೇರಿ ಬಸ್ಸಿಗೆ ಇನ್ನೂ ಅಷ್ಟು ಹೊತ್ತು ಇತ್ತು. ಆಮೇಲೆ ಹುಡುಗ ಇನ್ನೊಂದು ಪ್ರಶ್ನೆ ಕೇಳ್ತಾನೆ, ನೀನು ಡ್ರಗ್ಸ್ ಮಾರ್ತೀಯಾ, ನನ್ನ ಅಮ್ಮ ಅದನ್ನ ತಗೋತಾಳಾ ಅಂತ. ಜುವಾನ್ ತಲೆ ತಗ್ಗಿಸ್ತಾನೆ. ಫೋನಿನ ಅಷ್ಟು ಸಣ್ಣ ಪರದೆಯಲ್ಲಿ ಅದನ್ನ ನೋಡಿದಾಗ ನನಗೆ ಮುಂದೆ ನೋಡೋಕೆ ಆಗಲಿಲ್ಲ, ನಿಲ್ಲಿಸಿ ಹೊರಗೆ ಹೋಗಿ ನಿಂತೆ.

ಮೀಟಿಂಗಿನಲ್ಲಿ ಕೊನೆಗೆ ಒಪ್ಪಿಗೆ ಸಿಕ್ತು, ಒಂದು ಷರತ್ತಿನ ಮೇಲೆ. ಕನ್ನಡ ಸಬ್‌ಟೈಟಲ್ ನಾವೇ ಮಾಡಬೇಕು. ಇಂಗ್ಲಿಷ್ ಎಂಎ ಓದ್ತಿರೋ ನಮ್ಮ ಹುಡುಗಿ ಒಬ್ಬಳು ಕೂತು ಬರೀತಿದ್ದಾಳೆ. ಅರ್ಧ ಸಿನಿಮಾ ಆಗೈತಿ, ಆ ಟೇಬಲ್ ಸೀನಿನಲ್ಲಿ ಮೂರು ದಿನದಿಂದ ಸಿಕ್ಕಿಹಾಕ್ಕೊಂಡು ಕೂತಿದ್ದೀವಿ. ಅಲ್ಲಿ ಎರಡು ಪದ ಬೇಕು. ಒಂದು ಬೈಗುಳ, ಇನ್ನೊಂದು ಬೈಗುಳ ಅಲ್ಲದ್ದು. ಮೊದಲನೇದಕ್ಕೆ ನಮ್ಮ ಕಡೆ ಏಳೆಂಟು ಪದ ಸಿಕ್ಕವು, ಅದರಲ್ಲಿ ಯಾವುದು ಅಂತ ಆರಿಸೋದೇ ಕಷ್ಟ. ಎರಡನೇದಕ್ಕೆ ಪೇಪರಿನವರ 'ಸಲಿಂಗಕಾಮಿ' ಬಿಟ್ರೆ ಏನೂ ಇಲ್ಲ. ಒಬ್ಬ ಸಣ್ಣ ಹುಡುಗನಿಗೆ ಊಟದ ಟೇಬಲ್ಲಿನಲ್ಲಿ ಆ ಪದ ಹೇಳೋಕಾಗುತ್ತಾ?

ಮೊನ್ನೆ ರಾತ್ರಿ ಧೈರ್ಯ ಮಾಡಿ ಬೆಂಗಳೂರಿಗೆ ಫೋನ್ ಹಚ್ಚಿದೆ. ಅವನಿಗೀಗ ಇಪ್ಪತ್ತೈದರ ಹತ್ರ, ಪೀಣ್ಯದ ಕಡೆ ಗಾರ್ಮೆಂಟ್ಸಿನಲ್ಲಿದ್ದಾನೆ. ಶಿಫ್ಟ್ ಮುಗಿಸಿ ಬಸ್ಸಿನಲ್ಲಿದ್ದ, ಹಿಂದೆ ಗದ್ದಲ. ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಣ್ಣಾ, ನಿಮ್ಮ ಹಾಸ್ಟೆಲ್ ಹುಡುಗರ್ನ ಈ ಸಲಾನೂ ಕರಸ್ತೀರೇನು?" ಅಂದ. ಹೂಂ ಅಂದೆ. "ಹಂಗಾದ್ರ ಸಿನಿಮಾ ಮುಗದ ಮ್ಯಾಲೆ ಲಗೂನ ಟೆಂಪೋ ಹತ್ತಿಸಬ್ಯಾಡ್ರಿ, ಸ್ವಲ್ಪ ಹೊತ್ತು ಕುಂದ್ರಿಸಿ ಮಾತಾಡ್ರಿ" ಅಂದ. ಪದದ ಬಗ್ಗೆ ಕೇಳಿದೆ. "ಗೇ ಅಂತ ಬರೀರಿ ಸದ್ಯಕ್ಕ. ಯೋಚನಿ ಮಾಡಿ ಹೇಳ್ತೀನಿ" ಅಂದ.

ಇವತ್ತಿನವರೆಗೆ ಫೋನ್ ಬಂದಿಲ್ಲ. ನಿಮ್ಮಲ್ಲಿ ಯಾರಿಗಾದ್ರೂ ಒಳ್ಳೇ ಪದ ಗೊತ್ತಿದ್ರೆ ತಿಳಿಸ್ರಿ. ಫೈಲ್ ಇನ್ನೂ ಅಲ್ಲೇ ನಿಂತೈತಿ.